ಹನಿ ಪೈಪಿಗೋ, ಮರಕ್ಕೋ, ಜೀವಾಮೃತಕ್ಕೋ: ಮಂಡ್ಯ–ಮೈಸೂರಿನ ಜಮೀನಿಗೆ ಯಾವ ಸಹಾಯಧನ ಹೊಂದುತ್ತದೆ?

ನಾಲೆ ಕೆಳಗೆ ಎರಡು ಎಕರೆ ಗದ್ದೆ, ಏರಿಯ ಮೇಲೆ ಒಂದು ಎಕರೆ ಬೋರ್ ಹೊಲ, ಊರಾಚೆ ಮಳೆ ನಂಬಿದ ಅರ್ಧ ಎಕರೆ ರಾಗಿ ಹೊಲ. ಮದ್ದೂರು, ಪಾಂಡವಪುರ, ಕೆ.ಆರ್. ನಗರದ ಕಡೆ ಇಂಥ ಹಂಚಿಹೋದ ಹಿಡುವಳಿ ಹೊಸದೇನಲ್ಲ. ಇಂಥ ಹಿಡುವಳಿಯವರು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಒಬ್ಬರು ಹನಿ ನೀರಾವರಿಗೆ ಶೇ 90 ಎನ್ನುತ್ತಾರೆ, ಇನ್ನೊಬ್ಬರು ನೈಸರ್ಗಿಕ ಕೃಷಿಗೆ ಎಕರೆಗೆ 4,000 ಎನ್ನುತ್ತಾರೆ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬದುಕಿದ ಸಸಿಗೆ 125 ಎನ್ನುತ್ತಾರೆ. ಈಚೆಗೆ ಭತ್ತದ ಗದ್ದೆಗೆ ಕಾರ್ಬನ್ ದುಡ್ಡು ಕೊಡಿಸುತ್ತೇವೆ ಎನ್ನುವವರೂ ಬೈಕಿನಲ್ಲಿ ಊರಿಗೆ ಬರುತ್ತಿದ್ದಾರೆ.

ಶೇಕಡಾವಾರು ನೋಡಿ ಇವನ್ನು ಹೋಲಿಸಿದರೆ ತಪ್ಪು ಲೆಕ್ಕವಾಗುತ್ತದೆ. ಹನಿ ನೀರಾವರಿಯಲ್ಲಿ ನಿಮ್ಮ ಕೈಗೆ ಬರುವುದು ಪೈಪು, ದುಡ್ಡಲ್ಲ. ಮರದ ಯೋಜನೆಯಲ್ಲಿ ದುಡ್ಡೇ ಬರುತ್ತದೆ, ಆದರೆ ಸಸಿ ಬದುಕಿದರೆ ಮಾತ್ರ ಮತ್ತು ವರ್ಷ ಕಳೆದ ಮೇಲೆ. ನೈಸರ್ಗಿಕ ಕೃಷಿಯಲ್ಲಿ ಪದ್ಧತಿ ಬದಲಿಸಿದ್ದಕ್ಕೆ ಎರಡು ವರ್ಷ ಕೊಟ್ಟು ನಿಲ್ಲಿಸುತ್ತಾರೆ. ಆದ್ದರಿಂದ ಪ್ರತಿಯೊಂದಕ್ಕೂ ಕೇಳಬೇಕಾದ್ದು ಇಷ್ಟು: ಮೊದಲು ಯಾರ ಜೇಬಿನಿಂದ ಹೋಗುತ್ತದೆ? ಬರುವುದು ಯಾವಾಗ, ಏನನ್ನು ಎಣಿಸಿ? ಕೊಡುವುದು ನಿಂತ ಮೇಲೆ ಆ ಕೆಲಸ ತನ್ನ ಖರ್ಚನ್ನು ತಾನೇ ದುಡಿಯುತ್ತದೆಯೇ? ಮೂರನೆಯದಕ್ಕೆ ಉತ್ತರ ಇಲ್ಲವಾದರೆ ಸಹಾಯಧನ ಎಷ್ಟೇ ದೊಡ್ಡದಿದ್ದರೂ ನಾಲ್ಕನೇ ವರ್ಷ ಪೈಪು ಸುರುಳಿ ಸುತ್ತಿ ಕೊಟ್ಟಿಗೆ ಸೇರುತ್ತದೆ.

ಹನಿ ನೀರಾವರಿ: ಬೋರ್ ಹೊಲಕ್ಕೆ ಮೊದಲ ಆಯ್ಕೆ, ನಾಲೆ ಗದ್ದೆಗೆ ಹೊಂಡವಿದ್ದರೆ ಮಾತ್ರ

ಕರ್ನಾಟಕದಲ್ಲಿ 2 ಹೆಕ್ಟೇರ್‌ವರೆಗೆ ಶೇ 90, ಅದಕ್ಕೆ ಮೇಲ್ಪಟ್ಟು 5 ಹೆಕ್ಟೇರ್‌ವರೆಗೆ ಶೇ 45 ಸಹಾಯಧನ. ಕಬ್ಬಿಗಾದರೆ ಕೃಷಿ ಇಲಾಖೆ, ತೆಂಗು, ಬಾಳೆ, ತರಕಾರಿಗೆ ತೋಟಗಾರಿಕೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ಬೆಳೆ ತಪ್ಪು ಹೇಳಿ ತಪ್ಪು ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಒಂದು ಹಂಗಾಮೇ ಹೋಗುತ್ತದೆ.

ಶೇ 90 ಎನ್ನುವುದು ಸರ್ಕಾರ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ. ಕಂಪನಿಯ ಬಿಲ್ಲು ಅದಕ್ಕಿಂತ ಹೆಚ್ಚಿದ್ದರೆ ಆ ವ್ಯತ್ಯಾಸವೂ ನಿಮ್ಮದೇ. ಜೊತೆಗೆ ಬೋರ್‌ನಿಂದ ಜಮೀನಿನವರೆಗಿನ ಮುಖ್ಯ ಪೈಪು, ಕಾಲುವೆ ತೋಡುವ ಜೆಸಿಬಿ ಬಾಡಿಗೆ. ಹಾಗಾಗಿ ಕೈಯಿಂದ ಹೋಗುವುದು ಹತ್ತಕ್ಕೊಂದು ಪಾಲು ಅಂದುಕೊಂಡು ಹೊರಡಬೇಡಿ. ಎರಡು ಕಂಪನಿಗಳಿಂದ ಅಂದಾಜುಪಟ್ಟಿ ಬರೆಸಿಕೊಂಡು, ಪೈಪಿನ ಉದ್ದ, ಫಿಲ್ಟರಿನ ಗಾತ್ರ, ವಾಲ್ವುಗಳ ಸಂಖ್ಯೆ ಎದುರುಬದುರು ಇಟ್ಟು ನೋಡಿ. ಬಿಲ್ಲು ಕಡಿಮೆ ಮಾಡಲು ಮೊದಲು ಕತ್ತರಿ ಬೀಳುವುದು ಫಿಲ್ಟರಿಗೆ.

ಹನಿ ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಬೋರ್ ಕೊಡುವ ನೀರಿಗೂ ಒಂದೇ ಸಲ ಬಿಡುವ ಜಾಗಕ್ಕೂ ತಾಳೆಯಾಗುವುದಿಲ್ಲ. 200 ಲೀಟರ್ ಡ್ರಮ್ಮನ್ನು ಬೋರ್ ಬಾಯಿಗೆ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಮೋಟಾರ್ ಹಾಕಿದ ಕೂಡಲೇ ಅಳೆಯಬೇಡಿ, ಎರಡು ಗಂಟೆ ಓಡಿದ ಮೇಲೆ ಅಳೆಯಿರಿ. 80 ಸೆಕೆಂಡಿಗೆ ತುಂಬಿದರೆ ಗಂಟೆಗೆ 9,000 ಲೀಟರ್ ಆಯಿತು. ಈಗ ಕಬ್ಬಿನ ಸಾಲು 5 ಅಡಿ, ಅಂದರೆ 1.5 ಮೀಟರ್ ಅಂತರದಲ್ಲಿದ್ದರೆ ಒಂದು ಎಕರೆಗೆ ಸುಮಾರು 2,700 ಮೀಟರ್ ಲ್ಯಾಟರಲ್ (ಸಾಲಿನುದ್ದಕ್ಕೂ ಹಾಸುವ ಸಣ್ಣ ಪೈಪು) ಬೇಕು. 40 ಸೆಂ.ಮೀ.ಗೊಂದು ಡ್ರಿಪ್ಪರ್ ಎಂದರೆ 6,750 ಡ್ರಿಪ್ಪರ್. ಒಂದೊಂದೂ ಗಂಟೆಗೆ 4 ಲೀಟರ್ ಹಾಕಿದರೆ 27,000 ಲೀಟರ್ ಬೇಕಾಗುತ್ತದೆ. ನಿಮ್ಮ ಬೋರ್‌ನಲ್ಲಿ ಇರುವುದು ಅದರ ಮೂರನೇ ಒಂದು ಪಾಲು. ಎಕರೆಯನ್ನು ಮೂರು ಭಾಗ ಮಾಡಿ ಮೂರು ವಾಲ್ವ್ ಇಡಿಸಲೇಬೇಕು. ಒಂದೇ ವಾಲ್ವ್ ಇಟ್ಟು ಇಡೀ ಎಕರೆಗೆ ಬಿಟ್ಟರೆ ಒತ್ತಡ ಕುಸಿದು ಹತ್ತಿರದ ಸಾಲು ಕೆಸರಾಗುತ್ತದೆ, ತುದಿಯ ಸಾಲು ಬಾಡುತ್ತದೆ. ಆಮೇಲೆ "ನಮ್ಮ ಮಣ್ಣಿಗೆ ಡ್ರಿಪ್ ಹಿಡಿಯಲ್ಲ" ಎಂಬ ಮಾತು ಹುಟ್ಟುತ್ತದೆ. ಮಣ್ಣಿನ ತಪ್ಪು ಇದರಲ್ಲಿ ಏನೂ ಇಲ್ಲ.

ಇದೇ ಲೆಕ್ಕವನ್ನು ಮುಂದುವರಿಸಿ. ಮೇಲಿನ ಅಂತರದಲ್ಲಿ 4 ಲೀಟರ್ ಡ್ರಿಪ್ಪರ್ ಗಂಟೆಗೆ 6.7 ಮಿ.ಮೀ. ನೀರು ಕೊಡುತ್ತದೆ. ಬೇಸಿಗೆಯಲ್ಲಿ ತುಂಬಿ ನಿಂತ ಕಬ್ಬಿಗೆ ದಿನಕ್ಕೆ ಸುಮಾರು 6 ಮಿ.ಮೀ. ಎಂದು ಹಿಡಿದರೆ ಒಂದೊಂದು ಭಾಗಕ್ಕೆ 55 ನಿಮಿಷ, ಮೂರು ಭಾಗ ಸೇರಿ ಎಕರೆಗೆ ಎರಡೂ ಮುಕ್ಕಾಲು ಗಂಟೆ ಸಾಕು. ತ್ರೀಫೇಸ್ ಕರೆಂಟ್ 7 ಗಂಟೆ ಇದ್ದರೆ ಅದೇ ಬೋರ್‌ನಲ್ಲಿ ಎರಡೂವರೆ ಎಕರೆ ಏಳುತ್ತದೆ. ಹಾಯಿ ನೀರಿನಲ್ಲಿ ಇಷ್ಟಾಗುವ ಮಾತೇ ಇಲ್ಲ. ಸಹಾಯಧನ ನಿಂತ ಮೇಲೂ ಹನಿ ಉಳಿಯಲು ಇದೇ ಕಾರಣ: ಅದು ಜಾಗ ಹೆಚ್ಚಿಸಿ ಕೊಡುತ್ತದೆ. ಕರೆಂಟ್ ಉಳಿತಾಯದ ಮಾತು ರೈತರಿಗೆ ನಾಟದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ ಇರುವಾಗ ಉಳಿಸಿ ಯಾರಿಗೆ ಕೊಡಬೇಕು? ಒಂದು ಕೈಯಲ್ಲಿ ನೀರು ಉಳಿಸಲು ಪೈಪು ಕೊಟ್ಟು, ಇನ್ನೊಂದು ಕೈಯಲ್ಲಿ ನೀರೆತ್ತಲು ಬಿಟ್ಟಿ ಕರೆಂಟ್ ಕೊಡುವ ನೀತಿ ನಮ್ಮದು. ಉಳಿದ ನೀರಲ್ಲಿ ಇನ್ನೊಂದು ಎಕರೆ ಕಬ್ಬು ನೆಟ್ಟರೆ ಅಂತರ್ಜಲಕ್ಕೆ ಏನೂ ಉಳಿಯುವುದಿಲ್ಲ ಎನ್ನುವುದೂ ನಿಜ.

ಹಾಕಿಸುವಾಗ ನೋಡಬೇಕಾದ್ದು: 16 ಮಿ.ಮೀ. ಲ್ಯಾಟರಲ್ ಅನ್ನು 50–60 ಮೀಟರ್‌ಗಿಂತ ಉದ್ದ ಎಳೆಸಬೇಡಿ. ಬೋರ್ ನೀರಿಗೆ ಡಿಸ್ಕ್ ಅಥವಾ ಸ್ಕ್ರೀನ್ ಫಿಲ್ಟರ್ ಸಾಕು, ಹೊಂಡ ಅಥವಾ ನಾಲೆ ನೀರಾದರೆ ಪಾಚಿ ತಡೆಯಲು ಅದರ ಮುಂದೆ ಮರಳು ಫಿಲ್ಟರ್ ಬೇಕೇ ಬೇಕು. ಫಿಲ್ಟರಿನ ಮುಂದೆ ಹಿಂದೆ ಎರಡೂ ಕಡೆ ಒತ್ತಡದ ಗೇಜ್ ಇರಲಿ. ಎರಡೂ ತೋರಿಸುವ ಒತ್ತಡದ ಅಂತರ ಅರ್ಧ ಕೆ.ಜಿ. (ಚದರ ಸೆಂ.ಮೀ.ಗೆ) ದಾಟಿದರೆ ಬಿಚ್ಚಿ ತೊಳೆಯುವ ಹೊತ್ತು. ನೀರು ಗಡುಸಾಗಿದ್ದರೆ ಡ್ರಿಪ್ಪರ್ ಬಾಯಲ್ಲಿ ಸುಣ್ಣ ಕಟ್ಟುತ್ತದೆ. ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಪಿಎಚ್ 4ಕ್ಕೆ ಇಳಿಸಿ, ಪೈಪಿನ ತುದಿಯವರೆಗೆ ಮುಟ್ಟಿಸಿ, ಒಂದು ದಿನ ಬಿಟ್ಟು ತುದಿಯ ಮುಚ್ಚಳ ಬಿಚ್ಚಿ ತೊಳೆಯಬೇಕು. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕೆ ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಪೈಪಿನ ನೀರಿಗೆ ಗೊಬ್ಬರ ಎಳೆದುಕೊಳ್ಳುವ ವೆಂಚುರಿಯಲ್ಲಿ ಡಿಎಪಿ ಕರಗಿಸಿ ಬಿಡುವವರಿದ್ದಾರೆ. ಅದು ಪೂರ್ತಿ ಕರಗುವುದಿಲ್ಲ, ಗಸಿ ಡ್ರಿಪ್ಪರಿಗೆ ಕೂರುತ್ತದೆ. ಯೂರಿಯಾ, ಬಿಳಿ ಪೊಟ್ಯಾಷ್, 12:61 ಎಂಬ ನೀರಲ್ಲಿ ಕರಗುವ ಗೊಬ್ಬರ ಬಳಸಿ.

ವರ್ಕ್ ಆರ್ಡರ್ ಕೈಗೆ ಬರುವ ಮುಂಚೆ ಪೈಪು ಹಾಸಬೇಡಿ. ನಾಟಿ ತಡವಾಗುತ್ತದೆ ಎಂದು ಹಾಸಿಬಿಟ್ಟು, ಬಿಲ್ಲಿನ ತಾರೀಖು ಆದೇಶಕ್ಕಿಂತ ಮುಂಚಿನದಾಗಿ, ಸಹಾಯಧನ ಕೈತಪ್ಪುವುದು ಪ್ರತಿ ವರ್ಷದ ಕತೆ. ಒಮ್ಮೆ ಪಡೆದ ಜಮೀನಿಗೆ ಮತ್ತೆ ಪಡೆಯಲು 7 ವರ್ಷ ಕಾಯಬೇಕು. ಆ 7 ವರ್ಷ ಪೈಪು ಬಾಳಬೇಕಾದರೆ ಇಲಿ, ಕಬ್ಬು ಕಡಿಯುವ ಮಚ್ಚು ಮತ್ತು ಬೆಂಕಿ, ಈ ಮೂರರಿಂದ ಕಾಯಬೇಕು. ಪಕ್ಕದವರು ರವದಿಗೆ (ಕಬ್ಬಿನ ಒಣ ಗರಿಗೆ) ಇಟ್ಟ ಬೆಂಕಿ ಬದು ದಾಟಿದರೆ ಅರ್ಧ ಗಂಟೆಯಲ್ಲಿ ಎಕರೆಯ ಲ್ಯಾಟರಲ್ ಕರಗಿ ಅಂಟಾಗುತ್ತದೆ.

ನಾಲೆ ಗದ್ದೆಯ ವಿಷಯ ಬೇರೆ. ಕೆಆರ್‌ಎಸ್‌ನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಕಟ್ಟು, ಅಂದರೆ ಸರದಿ, ಪ್ರಕಾರ ಬರುತ್ತದೆ, ನಿಲ್ಲುತ್ತದೆ. ಹನಿಗೆ ದಿನವೂ ಸ್ವಲ್ಪ ಸ್ವಲ್ಪ ನೀರು ಬೇಕು. ನಾಲೆ ನಿಂತ ಹತ್ತು ದಿನಕ್ಕೆ ಎಕರೆಗೆ ಸುಮಾರು 2.4 ಲಕ್ಷ ಲೀಟರ್ ಕೂಡಿಡಬೇಕು. 12×12 ಮೀಟರ್ ಅಗಲ, 3 ಮೀಟರ್ ಆಳ, ದಂಡೆ 45 ಡಿಗ್ರಿ ಇಳಿಜಾರಿನ ಹೊಂಡದಲ್ಲಿ ನಿಲ್ಲುವುದು ಸುಮಾರು 2.5 ಲಕ್ಷ. ಆವಿಯಾಗಿ ಹೋಗುವುದನ್ನು ಸೇರಿಸಿದರೆ ಅದೂ ಬಿಗಿಯೇ. ಬಂಗಾರದ ಬೆಲೆಯ ನಾಲೆ ಗದ್ದೆಯಲ್ಲಿ ಒಂದೂವರೆ ಗುಂಟೆಯಷ್ಟನ್ನು ಹೊಂಡಕ್ಕೆ ಬಿಡುವ ಮನಸ್ಸಿದ್ದರೆ ಮಾಡಿ. ಇಲ್ಲವಾದರೆ ನಾಲೆ ಗದ್ದೆಗೆ ಹನಿಯ ಆಸೆ ಬಿಡಿ.

ಕೃಷಿ ಹೊಂಡ, ಸೌರ ಪಂಪು

ಕೃಷಿ ಭಾಗ್ಯದ ಹೊಂಡ ಮಳೆಯಾಶ್ರಿತ ಹೊಲಕ್ಕೆ. ನಾಲೆ ಗದ್ದೆಯ ಸರ್ವೆ ನಂಬರ್ ಹಿಡಿದು ಹೋಗುವುದು ವ್ಯರ್ಥ. ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90. ಹೊಂಡ, ಪಾಲಿಥೀನ್ ಹೊದಿಕೆ, ನೀರೆತ್ತುವ ಪಂಪು, ತುಂತುರು ಅಥವಾ ಹನಿ ಘಟಕ ಒಟ್ಟಿಗೆ ಬರುತ್ತವೆ. ಸುತ್ತ ತಂತಿ ಬೇಲಿಗೆ ಸಹಾಯಧನದ ಪ್ರಮಾಣ ಕಡಿಮೆ, ಆದರೂ ಬೇಲಿ ಬಿಡಬೇಡಿ. ಹೊದಿಕೆ ಹಾಸಿದ ಹೊಂಡದಲ್ಲಿ ಬಿದ್ದ ಮಗುವಾಗಲಿ ಕರುವಾಗಲಿ ಜಾರುವ ದಂಡೆ ಹತ್ತಿ ಬರುವುದು ಕಷ್ಟ. ಹರಿದು ಬರುವ ನೀರಿನ ಬಾಯಲ್ಲಿ ಒಂದು ಹೂಳು ಗುಂಡಿ ಮಾಡಿಸಿ. ಅದಿಲ್ಲದಿದ್ದರೆ ಮೂರು ಮಳೆಗಾಲಕ್ಕೆ ಹೊಂಡದ ತಳ ಮಣ್ಣಾಗುತ್ತದೆ. ನಾಗಮಂಗಲ, ಹುಣಸೂರು ಕಡೆಯ ರಾಗಿ, ಅವರೆ ಹೊಲಕ್ಕೆ ಹೂ ಬಿಡುವ ಹೊತ್ತಲ್ಲಿ ಒಂದು ನೀರು ಕೊಟ್ಟರೆ ಬೆಳೆ ಕೈಗೆ ಬರುತ್ತದೆ. ಹೊಂಡದ ಕೆಲಸ ಅಷ್ಟೇ, ಅದನ್ನು ನಂಬಿ ಕಬ್ಬು ಹಾಕಬೇಡಿ.

ಸೌರ ಪಂಪಿಗೆ ಕುಸುಮ್ ಯೋಜನೆಯ ಬಿ ಭಾಗದಲ್ಲಿ ಕೇಂದ್ರ ಶೇ 30, ರಾಜ್ಯ ಶೇ 50 ಕೊಟ್ಟು ರೈತರಿಗೆ ಶೇ 20 ಉಳಿಯುತ್ತದೆ. ಈಗಾಗಲೇ ಸೆಸ್ಕ್ (ವಿದ್ಯುತ್ ನಿಗಮ) ಸಂಪರ್ಕವಿರುವ ಬೋರ್‌ಗೆ ಇದರಿಂದ ಲಾಭ ಕಡಿಮೆ. ಕಂಬದಿಂದ ದೂರದ ಹೊಸ ಬೋರ್‌ಗೆ ಇದೇ ದಾರಿ. ಹನಿಯ ಜೊತೆ ಜೋಡಿಸುವಾಗ ಒಂದು ತೊಡಕಿದೆ: ಬೆಳಗ್ಗೆ, ಸಂಜೆ, ಮೋಡವಿದ್ದಾಗ ಒತ್ತಡ ಏರಿಳಿಯುತ್ತದೆ. 10ರಿಂದ 3 ಗಂಟೆಯೊಳಗೆ ದೊಡ್ಡ ಭಾಗಗಳನ್ನು ಮುಗಿಸಿ, ಉಳಿದ ಹೊತ್ತಲ್ಲಿ ತೊಟ್ಟಿಗೆ ನೀರು ತುಂಬಿಸಿಕೊಳ್ಳಿ.

ನೈಸರ್ಗಿಕ ಕೃಷಿಯ 4,000, ಸಾವಯವದ 15,000: ಯಾವುದು ದೊಡ್ಡದು?

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ನೈಸರ್ಗಿಕ ಕೃಷಿ ಮಿಷನ್‌ನಲ್ಲಿ ಎಕರೆಗೆ ವರ್ಷಕ್ಕೆ 4,000 ರೂ., ಎರಡು ವರ್ಷ, ಒಬ್ಬರಿಗೆ ಒಂದೇ ಎಕರೆ. 50 ಹೆಕ್ಟೇರಿನ ಗುಂಪು, ಅದರಲ್ಲಿ 125 ರೈತರು. ಸಾವಯವ ಕೃಷಿಗೆಂದು ಇರುವ ಹಳೆಯ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂ. ಎಂದು ಹೇಳುತ್ತಾರೆ. ಅದರಲ್ಲಿ ರೈತರ ಖಾತೆಗೆ ಒಳಸುರಿಗಾಗಿ ಬರುವುದು 15,000, ಉಳಿದದ್ದು ತರಬೇತಿ, ಪ್ರಮಾಣೀಕರಣ, ಮಾರಾಟಕ್ಕೆ. 15,000ವನ್ನು ಮೂರು ವರ್ಷಕ್ಕೂ ಎರಡೂವರೆ ಎಕರೆಗೂ ಹಂಚಿದರೆ ಎಕರೆಗೆ ವರ್ಷಕ್ಕೆ 2,000. ಎಕರೆ ಲೆಕ್ಕದಲ್ಲಿ ಮಿಷನ್ ಎರಡರಷ್ಟು. ಆದರೆ ಸಾವಯವ ಯೋಜನೆಯಲ್ಲಿ 2 ಹೆಕ್ಟೇರ್‌ವರೆಗೆ ಹೋಗಬಹುದು, ಮೂರು ವರ್ಷದ ಕೊನೆಗೆ ಪಿಜಿಎಸ್ (ರೈತರ ಗುಂಪೇ ಒಬ್ಬರನ್ನೊಬ್ಬರು ಪರಿಶೀಲಿಸುವ) ಪ್ರಮಾಣಪತ್ರ ಸಿಗುತ್ತದೆ. ಒಳನಾಡಿನ ಮಾರಾಟಕ್ಕೆ ಅದು ಸಾಕು, ರಫ್ತಿಗೆ ನಡೆಯುವುದಿಲ್ಲ.

ಈ 4,000 ಎಷ್ಟಕ್ಕೆ ಸಾಲುತ್ತದೆ ನೋಡಿ. 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು ಬೆಳಗ್ಗೆ ಸಂಜೆ ತಿರುವಿದರೆ ಒಂದು ಎಕರೆಗೆ ಒಂದು ಸಲದ ಜೀವಾಮೃತ. ಒಂದು ವಾರದೊಳಗೆ ಬಳಸಿ ಮುಗಿಸಬೇಕು. ಭತ್ತಕ್ಕೆ ಒಂದು ಹಂಗಾಮಿನಲ್ಲಿ ಏಳು ಸಲ ಕೊಟ್ಟರೆ ಬೆಲ್ಲ 14 ಕೆ.ಜಿ., ಹಿಟ್ಟು 14 ಕೆ.ಜಿ. ಬೆಲ್ಲಕ್ಕೆ 50, ಹಿಟ್ಟಿಗೆ 100 ಎಂದು ಹಿಡಿದರೆ 2,100 ರೂ. ಎರಡು ಹಂಗಾಮಿಗೆ 4,200. ಅಂದರೆ ಸರ್ಕಾರ ಕೊಟ್ಟದ್ದು ಬೆಲ್ಲ ಹಿಟ್ಟಿಗೆ ಸರಿಹೋಯಿತು, ಕೂಲಿ ನಿಮ್ಮದು. ಬೆಲ್ಲ ನಮ್ಮ ಆಲೆಮನೆಯಿಂದಲೇ ತರಬಹುದು, ಆದರೆ ರಾಸಾಯನಿಕ ಹಾಕಿ ಬಿಳುಪು ಮಾಡಿದ ಅಚ್ಚು ಬೇಡ, ಕಪ್ಪು ಬೆಲ್ಲವನ್ನೇ ಕೇಳಿ.

ಗೊಬ್ಬರದಲ್ಲಿ ಉಳಿಯುವುದಿಲ್ಲವೇ ಎಂದರೆ, ಅಲ್ಲೂ ನೀತಿಯ ಗಂಟು. ಎಕರೆ ಭತ್ತಕ್ಕೆ ಬೇಕಾದ 40 ಕೆ.ಜಿ. ಸಾರಜನಕವನ್ನು ಪೂರ್ತಿ ಯೂರಿಯಾದಲ್ಲೇ ಕೊಟ್ಟರೂ 87 ಕೆ.ಜಿ., ಎರಡು ಮೂಟೆ. 45 ಕೆ.ಜಿ. ಮೂಟೆ 266 ರೂ. 50 ಪೈಸೆ. ಯೂರಿಯಾ ಬಿಟ್ಟವರಿಗೆ ಉಳಿಯುವುದು 533 ರೂ.! ಇನ್ನೊಂದು ಕಡೆ, ಇಳುವರಿ ಎರಡೇ ಕ್ವಿಂಟಲ್ ಇಳಿದರೂ 2025–26ರ ಬೆಂಬಲ ಬೆಲೆ 2,369ರ ಲೆಕ್ಕದಲ್ಲಿ 4,738 ರೂ. ಹೋಯಿತು. ಹೆಚ್ಚು ಗೊಬ್ಬರ ಬೇಡುವ ತಳಿಯನ್ನು ಹಾಕಿ ಮೊದಲ ವರ್ಷವೇ ಯೂರಿಯಾ ನಿಲ್ಲಿಸಿದರೆ ಇಳುವರಿ ಎರಡು ಕ್ವಿಂಟಲ್‌ಗೇ ನಿಲ್ಲುವುದೂ ಇಲ್ಲ.

ಹಾಗಾದರೆ ಯಾರಿಗೆ ಇದು ಸರಿ? ಮನೆಯಲ್ಲಿ ಹಸು ಇರಬೇಕು, ಕೊಳ್ಳುವವರು ಗೊತ್ತಿರಬೇಕು, ತಳಿ ಒಪ್ಪಬೇಕು. ರಾಜಮುಡಿಯಂಥ ನಾಟಿ ಭತ್ತಕ್ಕೆ ಸಾರಜನಕ ಹೆಚ್ಚಾದರೆ ಬೆಳೆ ಮಲಗುತ್ತದೆ, ಅದಕ್ಕೆ ಕಡಿಮೆ ಗೊಬ್ಬರವೇ ಹಿತ. ಮೈಸೂರು, ಬೆಂಗಳೂರಿನ ಮನೆಗಳಿಗೆ ಅಕ್ಕಿಯಾಗಿಯೇ ಮಾರುವವರಿಗೆ ಲೆಕ್ಕ ಕೂಡುತ್ತದೆ. ಮಿಲ್ಲಿಗೆ ಭತ್ತ ಹಾಕುವವರಿಗೆ ಕೂಡುವುದಿಲ್ಲ, ಮಿಲ್ಲಿನವರು ಜೀವಾಮೃತದ ಭತ್ತಕ್ಕೆ ಬೇರೆ ರಾಶಿ ಮಾಡುವುದಿಲ್ಲ. ಜಾಗದ ವಿಷಯವೂ ಇದೆ. ನಾಲೆ ಬಯಲಿನಲ್ಲಿ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತದೆ. ಮೇಲಿನವರು ಕಳೆನಾಶಕ ಹೊಡೆದರೆ ಅದು ನಿಮ್ಮ ಗದ್ದೆಗೆ ಬಂದೇ ಬರುತ್ತದೆ. ತೂಬಿನ ಹತ್ತಿರದ ಗದ್ದೆಯವರು ಗುಂಪಿನಲ್ಲಿಲ್ಲದಿದ್ದರೆ ನಾಲೆ ಬಯಲಿನ ಸಾವಯವ ಗುಂಪಿಗೆ ಸೇರಬೇಡಿ. ಬೋರ್ ಹೊಲ, ರಾಗಿ ಹೊಲವನ್ನು ಮೊದಲು ಕೊಡಿ.

ಬದುವಿನ ಮರ: ನಿಧಾನದ ದುಡ್ಡು, ನಂಬಿಕೆಯ ದುಡ್ಡು

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿ ಕೊಂಡು ನೆಟ್ಟರೆ, ಬದುಕಿರುವ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂ. ಹೆಕ್ಟೇರಿಗೆ 400 ಸಸಿಗಳವರೆಗೆ. ನೀಲಗಿರಿ, ಅಕೇಶಿಯ, ಸಿಲ್ವರ್ ಓಕ್, ಗಾಳಿ ಮರ, ತೆಂಗು, ಅಡಿಕೆಗೆ ಇದು ಅನ್ವಯಿಸುವುದಿಲ್ಲ.

ಇಲ್ಲಿ ಹೇಳಿದ ಯೋಜನೆಗಳಲ್ಲಿ ನಡೆದ ಕೆಲಸಕ್ಕಲ್ಲ, ಉಳಿದ ಜೀವಕ್ಕೆ ದುಡ್ಡು ಕೊಡುವುದು ಇದೊಂದೇ. ಅದಕ್ಕೇ ಇದರಲ್ಲಿ ಕಣ್ಕಟ್ಟು ಕಡಿಮೆ. ಚೌಕನೆಯ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. 3 ಮೀಟರಿಗೊಂದರಂತೆ 85 ಸಸಿ ಹಿಡಿಯುತ್ತವೆ. ಮೊದಲ ವರ್ಷ 80, ಎರಡನೇ ವರ್ಷ 70, ಮೂರನೇ ವರ್ಷ 65 ಉಳಿದವು ಎನ್ನಿ: 2,800, 2,800, 3,250, ಒಟ್ಟು 8,850 ರೂ. ನೆಟ್ಟದ್ದು ಬದುವಿನಲ್ಲಾದ್ದರಿಂದ ಬೆಳೆಯ ಜಾಗ ಅಷ್ಟಾಗಿ ಹೋಗಿಲ್ಲ. ಹೆಬ್ಬೇವು, ತೇಗ, ಹಲಸು, ಬೇವು ಏನೇ ಇರಲಿ, ಮರ ಕೊನೆಗೆ ನಿಮ್ಮದೇ.

ಸಸಿ ಸಾಯುವುದು ಮಳೆಗಾಲದಲ್ಲಲ್ಲ, ಫೆಬ್ರುವರಿಯಿಂದ ಮೇವರೆಗೆ. ಒಂದೂವರೆ ಅಡಿ ಗುಂಡಿಯನ್ನು ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಟ್ಟು, ಜೂನ್–ಜುಲೈನ ಎರಡು ಹದ ಮಳೆಯಾದ ಮೇಲೆ ನೆಡಿ. ದೊಡ್ಡ ಚೀಲದ ಸಸಿಗೆ ಎರಡು ರೂಪಾಯಿ ಹೆಚ್ಚಾದರೂ ಅದನ್ನೇ ತನ್ನಿ. ಸುತ್ತ ಮುಳ್ಳು ಕಟ್ಟದಿದ್ದರೆ ಕುರಿ ಮೇಕೆ ಒಂದೇ ಮಧ್ಯಾಹ್ನದಲ್ಲಿ ಲೆಕ್ಕ ಮುಗಿಸುತ್ತವೆ. ಮೊದಲ ಬೇಸಿಗೆ ವಾರಕ್ಕೊಂದು ಕೊಡ ನೀರು ಹೊರಲು ಆಗುವಷ್ಟೇ ನೆಡಿ.

ನೆರಳು ಯಾವ ಕಡೆ ಬೀಳುತ್ತದೆ ಎಂಬುದನ್ನು ನೆಡುವ ಮುಂಚೆಯೇ ಯೋಚಿಸಬೇಕು. ನಮ್ಮಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಬದುವಿನ ಮರದ ನೆರಳು ನಿಮ್ಮ ಬೆಳೆಯ ಮೇಲೆ ಬೀಳದೆ ಆಚೆ ಹೋಗುತ್ತದೆ. ಆಚೆ ಇರುವುದು ದಾಯಾದಿಯ ಗದ್ದೆಯಾದರೆ ಅಲ್ಲಿಂದ ಜಗಳ ಶುರು. ಬದುವಿನಿಂದ ಐದಾರು ಅಡಿ ಒಳಗೆ ನೆಟ್ಟು, ವರ್ಷಕ್ಕೊಮ್ಮೆ ಕೆಳಗಿನ ಕೊಂಬೆ ಸವರುವುದು ಪಂಚಾಯ್ತಿಗಿಂತ ಅಗ್ಗ.

ರವದಿ: ಯಾರೂ ದುಡ್ಡು ಕೊಡದಿದ್ದರೂ ಮಾಡಬೇಕಾದ್ದು

ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಬಿಡುವವರಿಗೆ ಎಕರೆಗೆ ಮೂರು ಟನ್‌ನಷ್ಟು ರವದಿ ಪುಕ್ಕಟೆ ಬಿದ್ದಿರುತ್ತದೆ. ಸುಟ್ಟರೆ ಸಾರಜನಕವೂ ಇಂಗಾಲವೂ ಹೊಗೆಯಾಗಿ ಹೋಗುತ್ತವೆ, ಪೊಟ್ಯಾಷ್ ಒಂದಿಷ್ಟು ಬೂದಿಯಲ್ಲಿ ಉಳಿಯುತ್ತದೆ. ಪುಡಿ ಮಾಡುವ ಯಂತ್ರ ಕೊಳ್ಳಲು ಕೃಷಿ ಯಾಂತ್ರೀಕರಣದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟರಿಗೆ ಶೇ 90 ಸಹಾಯಧನ ಇದ್ದರೂ, ಎರಡು ಎಕರೆಯವರು ಕೊಳ್ಳುವುದು ಬೇಡ. ವರ್ಷಕ್ಕೆ ಎರಡು ದಿನ ಓಡುವ ಯಂತ್ರ ಉಳಿದ 363 ದಿನ ತುಕ್ಕು ಹಿಡಿಯುತ್ತದೆ. ಬಾಡಿಗೆಗೆ ತರಿಸಿ.

ಕಟಾವಾದ ವಾರದೊಳಗೆ ಕೂಳೆಯನ್ನು ನೆಲಮಟ್ಟಕ್ಕೆ ಸವರಿ, ಬುಡದ ಮೇಲಿನ ರವದಿಯನ್ನು ಸಾಲಿನ ನಡುವಿಗೆ ಎಳೆಯಬೇಕು. ಬುಡದ ಮೇಲೆ ದಪ್ಪಗೆ ಬಿಟ್ಟರೆ ಮೊಳಕೆ ಬಿಳುಚಿ ಸಾಯುತ್ತದೆ. ಒಂದು ಟನ್ ರವದಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್, ಒಂದು ಕೆ.ಜಿ. ಕೊಳೆಸುವ ಜೀವಾಣು ಎರಚಿ ನೀರು ಬಿಡಿ. ಯೂರಿಯಾ ಯಾಕೆ ಎಂದರೆ, ರವದಿ ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ತಿಂದು ಕೂಳೆಯನ್ನು ಹಳದಿ ಮಾಡುತ್ತವೆ. ಅದನ್ನು ನೋಡಿ ಹೆದರಿದವರೇ ಮರುವರ್ಷ ಬೆಂಕಿ ಇಡುವುದು. ಮೂರು ಟನ್‌ಗೆ 24 ಕೆ.ಜಿ., ಸುಮಾರು 140 ರೂ. ಹಾಯಿ ನೀರಿನವರು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಕಿದರೆ ಖಾಲಿ ಸಾಲಿನಲ್ಲಿ ನೀರು ಹರಿಯುತ್ತದೆ.

ಸುಡುವ ತೀರ್ಮಾನ ಎಷ್ಟೋ ಸಲ ರೈತರದಲ್ಲ, ಕಡಿಯುವ ಗ್ಯಾಂಗಿನದು. ಹಾವು, ತುರಿಕೆಯ ಭಯ, ಬೇಗ ಮುಗಿಸುವ ಆತುರ. ಸುಡದೆ ಕಡಿದರೆ ಟನ್ನಿಗೆ ಇಷ್ಟು ಹೆಚ್ಚು ಕೂಲಿ ಎಂದು ಮುಂಗಡ ಕೊಡುವಾಗಲೇ ಮೇಸ್ತ್ರಿಯ ಜೊತೆ ಮಾತಾಡಿಕೊಳ್ಳಿ. ಈ ಭಾಗದಲ್ಲಿ ಪರಿಸರಕ್ಕೆ ಕೊಡುವ ಅತ್ಯಂತ ಫಲವತ್ತಾದ ಪ್ರೋತ್ಸಾಹಧನ ಬಹುಶಃ ಆ ಹೆಚ್ಚುವರಿ ಕೂಲಿಯೇ, ಅದಕ್ಕೆ ಮಾತ್ರ ಯಾವ ಯೋಜನೆಯೂ ಇಲ್ಲ.

ಭತ್ತಕ್ಕೆ ಕಾರ್ಬನ್ ದುಡ್ಡು

ಗದ್ದೆಯಲ್ಲಿ ಸದಾ ನೀರು ನಿಂತರೆ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಏಳುತ್ತದೆ. ನಡುನಡುವೆ ಆರಲು ಬಿಟ್ಟರೆ ಅರ್ಧದಷ್ಟು ಕಡಿಮೆಯಾಗುತ್ತದೆ. ಹಾಗೆ ಕಡಿಮೆಯಾದದ್ದನ್ನು ಲೆಕ್ಕ ಹಾಕಿ ಕಾರ್ಬನ್ ಕ್ರೆಡಿಟ್ ಎಂದು ಮಾರಿ ಬರುವುದೇ ಕಾರ್ಬನ್ ದುಡ್ಡು. ವಿಧಾನ ಸುಲಭ: 30 ಸೆಂ.ಮೀ. ಉದ್ದದ ಅಗಲ ಪಿವಿಸಿ ಪೈಪಿನ ಕೆಳಭಾಗಕ್ಕೆ ತೂತು ಕೊರೆದು, ಆ ಭಾಗ ಮಣ್ಣಲ್ಲಿ ಹೂತು ಒಳಗಿನ ಮಣ್ಣು ತೆಗೆಯಿರಿ. ನಾಟಿಯಾಗಿ ಎರಡು ವಾರದ ಮೇಲೆ, ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂ.ಮೀ. ಇಳಿದಾಗ 5 ಸೆಂ.ಮೀ. ನಿಲ್ಲುವಷ್ಟು ಹಾಯಿಸಿ. ಹೂ ಬಿಡುವ ಒಂದು ವಾರ ಮುಂಚಿನಿಂದ ಒಂದು ವಾರ ಆಮೇಲಿನವರೆಗೆ ಮಾತ್ರ ಆರಿಸಬೇಡಿ, ಜೊಳ್ಳಾಗುತ್ತದೆ. ಕಳೆ ಹೆಚ್ಚುತ್ತದೆ, ಒಂದು ಕಳೆ ಕೂಲಿ ಲೆಕ್ಕಕ್ಕೆ ಸೇರಿಸಿ.

ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷ ಕೊನೆ ಭಾಗದ ಗದ್ದೆಗೂ ನೀರು ಬರುತ್ತದೆ, ಉಳಿದ ವರ್ಷ ಗದ್ದೆ ತಾನಾಗಿಯೇ ಆರುತ್ತದೆ. ಬೇಕಾದಾಗ ನೀರು ಸಿಗುವ ಬೋರ್ ಇದ್ದವರು, ತೂಬಿನ ಹತ್ತಿರದವರು ಇದನ್ನು ಧೈರ್ಯವಾಗಿ ಮಾಡಬಹುದು. ನಾಲೆ ಕೊನೆಯವರು ಒಮ್ಮೆ ಆರಲು ಬಿಟ್ಟು ಮುಂದಿನ ಕಟ್ಟು ತಪ್ಪಿದರೆ ಬೆಳೆಯೇ ಹೋದೀತು.

ದುಡ್ಡಿನ ಮಾತು ನಂಬುವ ಮುಂಚೆ ಒಪ್ಪಂದ ಕನ್ನಡದಲ್ಲಿ ಕೇಳಿ. ಎಷ್ಟು ವರ್ಷ ಕಟ್ಟುಬೀಳುತ್ತೀರಿ, ಮಾರಿದ ದುಡ್ಡಿನಲ್ಲಿ ನಿಮ್ಮ ಪಾಲೆಷ್ಟು, ಪರಿಶೀಲನೆಯ ಖರ್ಚು ಯಾರದು, ನಡುವೆ ಬಿಟ್ಟರೆ ದಂಡವಿದೆಯೇ, ಜಮೀನನ್ನು ವಾರಕ್ಕೆ (ಪಾಲಿಗೆ) ಮಾಡುವವರಿಗೆ ಪಾಲುಂಟೇ? ಈ ದುಡ್ಡು ಬರುವುದು ಪರಿಶೀಲನೆ ಮುಗಿದು ಕ್ರೆಡಿಟ್ ಮಾರಾಟವಾದ ಮೇಲೆ. ನಿಯಮವೂ ಬದಲಾಗುತ್ತದೆ: ಭತ್ತದ ಯೋಜನೆಗಳು ನೆಚ್ಚಿದ್ದ ಹಳೆಯ ಲೆಕ್ಕವಿಧಾನವನ್ನು ಕಾರ್ಬನ್ ಕ್ರೆಡಿಟ್‌ಗೆ ಮುದ್ರೆ ಒತ್ತುವ ವೆರ್ರಾ ಸಂಸ್ಥೆ 2023ರಲ್ಲಿ ಕೈಬಿಟ್ಟು, 2025ರಲ್ಲಿ ಹೊಸದನ್ನು ತಂದಿತು. ನೀರು, ಡೀಸೆಲ್ ಉಳಿಯುತ್ತದೆ ಎಂದು ಮಾಡುವುದಾದರೆ ಮಾಡಿ, ಕ್ರೆಡಿಟ್ ಬಂದರೆ ಹಬ್ಬದ ಖರ್ಚಿಗಾಯಿತು ಅಂದುಕೊಳ್ಳಿ. ಅದನ್ನೇ ನಂಬಿ ಸಾಲ ಮಾಡಬೇಡಿ.

ಮೂರು ತುಂಡು ಜಮೀನಿನವರಿಗೆ

ಮೊದಲಿಗೆ ಹೇಳಿದ ಹಿಡುವಳಿಗೆ ನಮ್ಮ ಆಯ್ಕೆ ಹೀಗೆ. ನಾಲೆ ಗದ್ದೆಯಲ್ಲಿ ಈ ವರ್ಷವೇ ರವದಿ ಸುಡುವುದು ನಿಲ್ಲಿಸುವುದು, ಇದಕ್ಕೆ ಅರ್ಜಿ ಬೇಕಿಲ್ಲ. ಬೋರ್ ಹೊಲಕ್ಕೆ ಹನಿ, ಅದರ ಉತ್ತರ ಬದುವಿಗೆ ಮರ. ಎರಡೂ ಬೇರೆ ಬೇರೆ ಕೆಲಸವಾದ್ದರಿಂದ ಒಟ್ಟಿಗೆ ಪಡೆಯಬಹುದು. ಮಳೆ ಹೊಲ ಅರ್ಧ ಎಕರೆಯಾದ್ದರಿಂದ ದೊಡ್ಡ ಹೊಂಡ ಬೇಡ, 10×10 ಮೀಟರ್ ಅಳತೆಯದು ಸಾಕು. ಊರಲ್ಲಿ ನೈಸರ್ಗಿಕ ಕೃಷಿಯ ಗುಂಪು ಆಗುತ್ತಿದ್ದರೆ ಆ ರಾಗಿ ಹೊಲವನ್ನೇ ಅದಕ್ಕೆ ಬರೆಸಿ, ಗದ್ದೆಯನ್ನಲ್ಲ.

ಕಾಗದ ಪತ್ರ ಎಲ್ಲದಕ್ಕೂ ಒಂದೇ. ಫ್ರೂಟ್ಸ್ (ರಾಜ್ಯದ ರೈತ ನೋಂದಣಿ) ಗುರುತಿನ ಸಂಖ್ಯೆ, ಅದರಲ್ಲಿ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿರಬೇಕು. ಒಂದು ಬಿಟ್ಟುಹೋಗಿದ್ದರೂ ಆ ಜಮೀನಿಗೆ ಅರ್ಜಿ ಹತ್ತುವುದಿಲ್ಲ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಚಾಲ್ತಿ ಪಹಣಿ, ಅದರಲ್ಲಿ ಬೆಳೆ ಕಾಲಂ ನಿಜಕ್ಕೆ ತಾಳೆಯಾಗಬೇಕು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದ್ದರೆ ಮೊದಲು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಕೊಡಿ. ಜಂಟಿ ಖಾತೆಯಾದರೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಕೇಳುತ್ತಾರೆ, ಅದನ್ನು ಬೋರ್ ನೀರಿನ ಮಾತು ಬರುವ ಮುಂಚೆಯೇ ಬರೆಸಿಕೊಳ್ಳಿ. ಅರ್ಜಿ ಕೊಟ್ಟ ದಿನದ ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ವರ್ಷದ ಅನುದಾನ ಮುಗಿದರೆ ಜ್ಯೇಷ್ಠತೆಗೆ ಅದೇ ಆಧಾರ. ದರ, ಮಿತಿಗಳು ಆದೇಶಕ್ಕೊಮ್ಮೆ ಬದಲಾಗುವುದರಿಂದ ಏಪ್ರಿಲ್ ಕಳೆದ ಮೇಲೆ ಹೋದಾಗ ಆ ಸಾಲಿನ ಮಾರ್ಗಸೂಚಿಯನ್ನೇ ತೋರಿಸಲು ಹೇಳಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬನ್ನಿ.